ಬೇಗೆಯಲ್ಲಿ ಬಾಳುವ ವೈರಸ್ಸುಗಳು

ಪುಷ್ಯಮಾಸದ ಮುಂಜಾವು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಣಿವೆಗಳಲ್ಲಿ ಮಂಜು ಇನ್ನೂ ಕರಗಿಲ್ಲ. ಅಡಕೆಯ ತೋಟದ ಮೇಲಣ ಮನೆಯೊಂದರ ಹಿತ್ತಿಲಲ್ಲಿ ಗೊಬ್ಬರ ತೆಗೆಯುವ ಕೆಲಸ ಮೊದಲಾಗಿದೆ. ಮೇಲಿನ ಒಣಪದರವನ್ನು ಸರಿಸಿ ಆಳು ಗುದ್ದಲಿ ಹಾಕಿ ಎಳೆದೊಡನೆ ಗುಂಡಿಯ ಒಡಲಿನಿಂದ ಬಿಳಿಯ ಹಬೆ ಏಳುತ್ತದೆ. ಬರಿಗಾಲನ್ನು ಊರಿದವನು ಥಟ್ಟನೆ ಹಿಂದಕ್ಕೆ ತೆಗೆಯುತ್ತಾನೆ.

"ಗೊಬ್ಬರ ಇನ್ನೂ ಕಾದಿದೆ, ಅಮ್ಮಾ. ನಾಲ್ಕು ದಿವಸ ಬಿಡಬೇಕು" ಎನ್ನುತ್ತಾನೆ ಅವನು.

"ಹಾಗಾದರೆ ಬಿಡು. ಈಗಲೇ ಬುಡಕ್ಕೆ ಹಾಕಿದರೆ ಬೇರು ಸುಟ್ಟೀತು" ಎಂದು ಮನೆಯಾಕೆ ಒಳಗೆ ಹೋಗುತ್ತಾರೆ.

ಅಲ್ಲಿಗೆ ಮಾತು ಮುಗಿಯಿತು. ಒಲೆಯಿಲ್ಲದೆ, ಕೆಂಡವಿಲ್ಲದೆ, ಬಿಸಿಲಿನ ಸೋಂಕೂ ಇಲ್ಲದೆ ಸಗಣಿ ಸೊಪ್ಪುಗಳ ಒಂದು ರಾಶಿ ಕಾಲು ಇಡಲಾಗದಷ್ಟು ಕಾಯುವುದೆಂತು ಎಂಬ ಪ್ರಶ್ನೆ ಅವರಿಬ್ಬರನ್ನೂ ಬಾಧಿಸುವುದಿಲ್ಲ. ತಲೆಮಾರುಗಳಿಂದ ಕಂಡ ಸಂಗತಿಯಲ್ಲಿ ವಿಸ್ಮಯಕ್ಕೆ ಎಡೆಯೆಲ್ಲಿ? ಆದರೆ ಅದೇ ಹಬೆಯ ಜಾಡನ್ನು ಹಿಡಿದು ಹೊರಟವರು ಪೃಥ್ವಿಯ ಕುದಿಯುವ ಬುಗ್ಗೆಗಳವರೆಗೆ ಹೋಗಿ, ಅಲ್ಲಿ ಜೀವಲೋಕದ ಅತಿ ವಿಚಿತ್ರ ಪ್ರಜೆಗಳನ್ನು ಕಂಡಿದ್ದಾರೆ. ಆ ಪ್ರಜೆಗಳಿಗೂ ಮಲೆನಾಡಿನ ಮನೆಗಳನ್ನು ಬೇಸಿಗೆಯಲ್ಲಿ ನಡುಗಿಸುವ ಒಂದು ಜ್ವರಕ್ಕೂ ದೂರದ ನಂಟೊಂದು ಬೆಳೆದಿದೆ.

ರಾಶಿಯ ಒಳಗಿನ ಒಲೆ

ಒದ್ದೆ ಹುಲ್ಲನ್ನು ಒಟ್ಟಿದರೆ ಬಣವೆ ಕಾಯುತ್ತದೆ, ಒಮ್ಮೊಮ್ಮೆ ಹೊತ್ತಿಕೊಂಡು ಉರಿದೂ ಹೋಗುತ್ತದೆ. ಇದು ಕೇವಲ ರಾಸಾಯನಿಕ ವ್ಯಾಪಾರವೆಂದೇ ಬಹುಕಾಲ ನಂಬಿಕೆಯಿತ್ತು. ಜರ್ಮನಿಯ ಸಸ್ಯವಿಜ್ಞಾನಿ ಹ್ಯೂಗೊ ಮೀಹೆ ಎಂಬಾತ ಸರಳವಾದೊಂದು ಪ್ರಯೋಗದಿಂದ ಆ ನಂಬಿಕೆಯನ್ನು ಕೆಡವಿದನು. ಕ್ರಿಮಿಗಳೆಲ್ಲ ಸಾಯುವಂತೆ ಬೇಯಿಸಿದ ಹುಲ್ಲನ್ನು ರಾಶಿ ಹಾಕಿದರೆ ಅದು ಕಾಯಲಿಲ್ಲ. ಅದಕ್ಕೆ ಸೂಕ್ಷ್ಮಜೀವಿಗಳನ್ನು ಹಾಕಿದಾಗ ಕಾಯಿತು. ೧೯೦೭ರಲ್ಲಿ ಆತನ ಗ್ರಂಥ ಪ್ರಕಟವಾಯಿತು. ರಾಶಿಯ ಬಿಸಿ ಬದುಕಿರುವ ಜೀವಿಗಳ ಉಸಿರಾಟದ ಬಿಸಿ ಎಂಬುದು ಅಲ್ಲಿಂದಾಚೆಗೆ ನಿಸ್ಸಂಶಯವಾಯಿತು.

ನಮ್ಮ ಮೈ ಬೆಚ್ಚಗಿರುವುದು ಯಾವ ಕಾರಣದಿಂದಲೋ ಗುಂಡಿ ಬೆಚ್ಚಗಾಗುವುದೂ ಅದೇ ಕಾರಣದಿಂದ. ಉಂಡದ್ದನ್ನು ಅರಗಿಸುವಾಗ ಪ್ರತಿಯೊಂದು ಜೀವಿಯೂ ಅಷ್ಟಿಷ್ಟು ಶಾಖವನ್ನು ಹೊರಚೆಲ್ಲುತ್ತದೆ. ಒಂದು ಸೂಕ್ಷ್ಮಜೀವಿಯ ಶಾಖ ಲೆಕ್ಕಕ್ಕೆ ಬಾರದು. ಕೋಟಿ ಕೋಟಿ ಜೀವಿಗಳದು ಸೇರಿ, ಸೊಪ್ಪಿನ ದಪ್ಪ ಹೊದಿಕೆಯಿಂದ ಹೊರಕ್ಕೆ ಹೋಗದೆ ಉಳಿದಾಗ ರಾಶಿ ಕಾಯುತ್ತದೆ. ಮೊದಲು ನಮ್ಮ ನಿಮ್ಮಂತೆ ಹದವಾದ ಬೆಚ್ಚಗೆಯನ್ನು ಬಯಸುವ ಜೀವಿಗಳು ಸೊಪ್ಪಿನ ಸಕ್ಕರೆಯನ್ನೂ ಪಿಷ್ಟವನ್ನೂ ತಿಂದು ಹಬ್ಬ ಮಾಡುತ್ತವೆ. ಬಿಸಿ ೪೫ ಡಿಗ್ರಿ ಸೆಂಟಿಗ್ರೇಡನ್ನು ದಾಟಿದೊಡನೆ ತಾವೇ ಹೊತ್ತಿಸಿದ ಒಲೆಯಲ್ಲಿ ತಾವೇ ಬೆಂದುಹೋಗುತ್ತವೆ. ಆಗ ಅದುವರೆಗೆ ನಿದ್ರಿಸುತ್ತಿದ್ದ ಬೇರೊಂದು ಕುಲ ಎಚ್ಚರಗೊಳ್ಳುತ್ತದೆ. ೬೦ ಡಿಗ್ರಿಯಲ್ಲಿ ಅವಕ್ಕೆ ಯೌವನ. ಇವೇ ಉಷ್ಣಪ್ರಿಯ ಸೂಕ್ಷ್ಮಜೀವಿಗಳು. ಚೆನ್ನಾಗಿ ಹದಗೊಂಡ ರಾಶಿಯ ಒಡಲು ೭೦ ಡಿಗ್ರಿಯನ್ನು ಮುಟ್ಟುವುದೂ ಉಂಟು. ಮನುಷ್ಯನ ಕೈ ಆ ಬಿಸಿಯನ್ನು ಒಂದು ಕ್ಷಣವೂ ತಾಳಲಾರದು.

ಈ ಜೀವಿಗಳ ಅಧ್ಯಯನದಲ್ಲಿ ಕನ್ನಡ ನಾಡಿನ ಪಾಲು ಸಣ್ಣದಲ್ಲ. ಕಸದಿಂದ ಗೊಬ್ಬರ ಮಾಡುವ 'ಬೆಂಗಳೂರು ವಿಧಾನ'ವನ್ನು ೧೯೩೯ರಲ್ಲಿ ಡಾ. ಸಿ. ಎನ್. ಆಚಾರ್ಯರು ರೂಪಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಅದೇ ಸಂಸ್ಥೆಯಲ್ಲಿ ಮುಂದೆ ಪ್ರೊಫೆಸರ್ ರಮೇಶ್ ಮಹೇಶ್ವರಿಯವರು ಉಷ್ಣಪ್ರಿಯ ಬೂಷ್ಟುಗಳನ್ನೇ ಜೀವನದ ಅಭ್ಯಾಸವಾಗಿಸಿಕೊಂಡು ದಶಕಗಳ ಕಾಲ ದುಡಿದರು. ಸಹೋದ್ಯೋಗಿಗಳೊಡನೆ ಅವರು ೨೦೦೦ದಲ್ಲಿ ಪ್ರಕಟಿಸಿದ ದೀರ್ಘ ಸಮೀಕ್ಷೆ ಈ ವಿಷಯದಲ್ಲಿ ಲೋಕದಾದ್ಯಂತ ಆಧಾರಗ್ರಂಥದಂತೆ ಬಳಕೆಯಲ್ಲಿದೆ. ಸಹಸ್ರಾರು ಜಾತಿಯ ಬೂಷ್ಟುಗಳಲ್ಲಿ ಬೇಗೆಯನ್ನು ಬಯಸುವಂಥವು ಕೇವಲ ೩೦ರಷ್ಟು. ಅವುಗಳಿಗೂ ಸುಮಾರು ೬೦ ಡಿಗ್ರಿಯೇ ಎಲ್ಲೆ. ಅದರಾಚೆಗಿನ ಬಿಸಿ ಬ್ಯಾಕ್ಟೀರಿಯಗಳ ರಾಜ್ಯ. ಬ್ಯಾಕ್ಟೀರಿಯಗಳೂ ಸೋತ ಕಡೆ ಆರ್ಕಿಯ ಎಂಬ ಮೂರನೆಯ ಕುಲದವು ಆಳುತ್ತವೆ.

ಬುಗ್ಗೆಯ ತಳದಲ್ಲಿ

ಈ ಕುಲಗಳನ್ನು ಅವುಗಳ ತೌರಿನಲ್ಲಿಯೇ ಕಾಣಬೇಕಾದರೆ ಕುದಿನೀರಿನ ಬುಗ್ಗೆಗಳಿಗೆ ಹೋಗಬೇಕು. ಕರ್ನಾಟಕದಲ್ಲಿ ಅಂಥ ಭಾಗ್ಯ ಕಡಿಮೆ. ಪುತ್ತೂರು ತಾಲ್ಲೂಕಿನ ಇರ್ದೆಯ ಬೆಂದ್ರ್ ತೀರ್ಥದ ನೀರು ಬೆಚ್ಚಗಿರುತ್ತದೆಯೇ ಹೊರತು ಕುದಿಯುವುದಿಲ್ಲ. ಸ್ನಾನಕ್ಕೆ ಹಿತ, ಸಂಶೋಧಕನಿಗೆ ತುಸು ನಿರಾಶೆ. ಅಮೆರಿಕದ ಯೆಲ್ಲೊಸ್ಟೋನ್ ಎಂಬ ರಕ್ಷಿತಾರಣ್ಯದಲ್ಲಾದರೋ ನೆಲವೇ ಸಾವಿರಾರು ಕಡೆ ಬಾಯಿ ತೆರೆದು ಕುದಿಯುತ್ತದೆ. ಅಲ್ಲಿಗೆ ೧೯೬೦ರ ದಶಕದಲ್ಲಿ ಥಾಮಸ್ ಬ್ರಾಕ್ ಎಂಬ ಅಧ್ಯಾಪಕರು ಹೋದರು. ಬುಗ್ಗೆಯ ನೀರು ಹರಿದುಹೋಗುವ ಕಾಲುವೆಯಲ್ಲಿ ಗುಲಾಬಿ, ಕಿತ್ತಳೆ, ಹಳದಿ ಬಣ್ಣದ ಲೋಳೆ ಕಂಡು ಅವರಿಗೆ ಕುತೂಹಲವಾಯಿತು. ಹಡ್ಸನ್ ಫ್ರೀಜ್ ಎಂಬ ವಿದ್ಯಾರ್ಥಿಯೊಡನೆ ಸೇರಿ ಅವರು ಬೆಳೆಸಿದ, ೭೦ ಡಿಗ್ರಿಯಲ್ಲಿ ಸುಖವಾಗಿ ವೃದ್ಧಿಯಾಗುವ ಬ್ಯಾಕ್ಟೀರಿಯಕ್ಕೆ ೧೯೬೯ರಲ್ಲಿ 'ಥರ್ಮಸ್ ಅಕ್ವಾಟಿಕಸ್' ಎಂದು ನಾಮಕರಣವಾಯಿತು. ಈ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು. ಇದು ಮತ್ತೆ ಬರುತ್ತದೆ. ಇದೇ ಥರ್ಮಸ್ ಕುಲದವು ಬುಗ್ಗೆಗಳಲ್ಲಿ ಮಾತ್ರವಲ್ಲದೆ ಚೆನ್ನಾಗಿ ಕಾದ ಗೊಬ್ಬರದ ರಾಶಿಗಳಲ್ಲಿಯೂ ವಾಸವಾಗಿವೆ ಎಂಬುದು ೧೯೯೬ರಲ್ಲಿ ತಿಳಿಯಿತು. ಯೆಲ್ಲೊಸ್ಟೋನಿನ ಬುಗ್ಗೆಗೂ ತಿಪ್ಪೆಗೂ ಹೀಗೆ ರಕ್ತಸಂಬಂಧವಿದೆ!

ಜೀವಿಯಿದ್ದಲ್ಲಿ ಅದರ ಬೆನ್ನಿಗೆ ಬೀಳುವ ವೈರಸ್ಸೂ ಇರಲೇಬೇಕಷ್ಟೆ. ಬ್ಯಾಕ್ಟೀರಿಯಗಳಿಗೂ ರೋಗ ಬರುತ್ತದೆ ಎಂಬುದನ್ನು ೧೯೧೫ರಲ್ಲಿ ಇಂಗ್ಲೆಂಡಿನ ಟ್ವಾರ್ಟ್ ಸೂಚಿಸಿದನು. ೧೯೧೭ರಲ್ಲಿ ಪ್ಯಾರಿಸ್ಸಿನ ದೆರೆಲ್ ಸಾರಿ ಹೇಳಿದನು. ವೈರಸ್ಸು ಜೀವಿಯೋ ಜಡವೋ ಎಂಬ ವಾದ ಇಂದಿಗೂ ಮುಗಿದಿಲ್ಲ. ವಂಶದ ಸೂತ್ರವನ್ನು ಪ್ರೋಟೀನಿನ ಡಬ್ಬಿಯಲ್ಲಿಟ್ಟು ಮುಚ್ಚಿದಂತಿರುವ ಈ ವಸ್ತು ತನಗೊಪ್ಪುವ ಜೀವಕೋಶವನ್ನು ಹೊಕ್ಕಾಗ ಮಾತ್ರ ಮನೆಯ ಯಜಮಾನನಂತೆ ಅಧಿಕಾರ ನಡೆಸುತ್ತದೆ. ಹೊರಗಿದ್ದಾಗ ಧೂಳಿನ ಕಣಕ್ಕಿಂತ ಹೆಚ್ಚಲ್ಲ.

ಆದರೆ ೮೦ ಡಿಗ್ರಿಯ ನೀರಿನಲ್ಲಿ, ಅದೂ ಹುಳಿಗಿಂತ ಹುಳಿಯಾದ ಆಮ್ಲದಲ್ಲಿ, ಒಂದು ವೈರಸ್ಸು ಕರಗದೆ ಉಳಿಯುವುದೆಂತು? ಸಾಮಾನ್ಯ ಪ್ರೋಟೀನು ಆ ಬಿಸಿಗೆ ಬೆಂದ ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗಿಬಿಡುತ್ತದೆ. ಜಪಾನಿನ ಸಕಾಕಿ ಮತ್ತು ಒಶಿಮಾ ಎಂಬಿಬ್ಬರು ೧೯೭೫ರಲ್ಲಿ ಥರ್ಮಸ್ ಬ್ಯಾಕ್ಟೀರಿಯದ ವೈರಸ್ಸೊಂದನ್ನು ಬಿಸಿನೀರಿನ ಬುಗ್ಗೆಯಿಂದ ಹಿಡಿದರು. ಜರ್ಮನಿಯ ವುಲ್ಫ್‌ರಾಮ್ ಸಿಲ್ಲಿಗ್ ಎಂಬ ಹಿರಿಯರು ೧೯೮೦ರ ದಶಕದಿಂದ ಐಸ್‌ಲೆಂಡ್, ಜಪಾನುಗಳ ಕುದಿಯುವ ಕೆಸರನ್ನು ತರಿಸಿ ಆರ್ಕಿಯಗಳ ವೈರಸ್ಸುಗಳನ್ನು ಒಂದೊಂದಾಗಿ ಬೆಳಕಿಗೆ ತಂದರು. ಅಲ್ಲಿಯವರೆಗೆ ವೈರಸ್ಸೆಂದರೆ ಗುಂಡು, ಕಡ್ಡಿ, ಬಾಲವುಳ್ಳ ಗೊದಮೊಟ್ಟೆ, ಇವಿಷ್ಟೇ ಆಕಾರಗಳು. ಇಲ್ಲಿ ಕಂಡದ್ದು ನಿಂಬೆಹಣ್ಣು, ಸೀಸೆ, ಬಳ್ಳಿ!

ಇವುಗಳಲ್ಲೆಲ್ಲ ಬೆರಗು ಹುಟ್ಟಿಸುವುದು ಇಟಲಿಯ ಪೊತ್ಸುವೋಲಿಯ ಬುಗ್ಗೆಯಲ್ಲಿ ದೊರೆತ ಎರಡು ಬಾಲದ ವೈರಸ್ಸು. ಹುಟ್ಟುವಾಗ ಅದಕ್ಕೆ ಬಾಲವೇ ಇಲ್ಲ, ನಿಂಬೆಹಣ್ಣಿನ ಆಕಾರ. ಹೊತ್ತ ಕೋಶವನ್ನು ಒಡೆದು ಹೊರಕ್ಕೆ ಬಂದ ಮೇಲೆ, ಯಾವ ಜೀವಿಯ ನೆರವೂ ಇಲ್ಲದೆ, ಬರಿಯ ಬಿಸಿನೀರಿನಲ್ಲಿ ತೇಲುತ್ತಿರುವಾಗ, ಎರಡು ತುದಿಗಳಿಂದಲೂ ಅದು ಬಾಲಗಳನ್ನು ಬೆಳೆಸಿಕೊಳ್ಳುತ್ತದೆ. ನೀರು ತಣ್ಣಗಿದ್ದರೆ ಬೆಳೆಯುವುದಿಲ್ಲ. ಬುಗ್ಗೆಯ ಬಿಸಿಗೆ ಸಮೀಪವಾದ ಬಿಸಿ ಬೇಕೇಬೇಕು. ಕೋಶದ ಹೊರಗೆ ವೈರಸ್ಸು ಬರಿಯ ಜಡ ಎಂದು ಪಾಠ ಹೇಳುತ್ತಿದ್ದವರಿಗೆಲ್ಲ ೨೦೦೫ರ ಈ ಸುದ್ದಿ ಕಸಿವಿಸಿಯನ್ನುಂಟುಮಾಡಿತು. ಮೇಲಿನ ಪ್ಯಾರಾದಲ್ಲಿ 'ಧೂಳಿನ ಕಣ' ಎಂದು ಬರೆದ ಮಾತಿಗೂ ಇದೊಂದು ತಿದ್ದುಪಡಿ.

ಇನ್ನು ಕೆಲವು ವೈರಸ್ಸುಗಳು ಹೊರಬೀಳುವ ಬಗೆಯನ್ನು ನೋಡಬೇಕು. ಕಳ್ಳನಂತೆ ಗೋಡೆಯನ್ನು ಎಲ್ಲಿ ಬೇಕೆಂದರಲ್ಲಿ ಕೊರೆಯುವುದಿಲ್ಲ. ಆರ್ಕಿಯದ ಮೈಮೇಲೆ ಅಲ್ಲಲ್ಲಿ ಏಳು ಮುಖಗಳ ಪಿರಮಿಡ್ಡುಗಳನ್ನು ಕಟ್ಟುತ್ತವೆ. ಕಾಲ ಕೂಡಿಬಂದಾಗ ಪಿರಮಿಡ್ಡುಗಳು ಹೂವಿನ ಎಸಳುಗಳಂತೆ ಬಿಚ್ಚಿಕೊಳ್ಳುತ್ತವೆ. ವೈರಸ್ಸಿನ ಸಂತಾನ ಆ ಬಾಗಿಲುಗಳಿಂದ ಹೊರಡುತ್ತದೆ. ಏಳೇ ಮುಖಗಳೇಕೆ? ಪ್ರಕೃತಿಯ ವಾಸ್ತುಶಿಲ್ಪದಲ್ಲಿ ಏಳರ ಲೆಕ್ಕ ಅಪರೂಪವೇ ಸರಿ.

ಇಂಥವುಗಳನ್ನು ಪ್ರಯೋಗಾಲಯದಲ್ಲಿ ಬೆಳೆಸುವುದು ಸಾಹಸದ ಕೆಲಸ. ಸೂಕ್ಷ್ಮಜೀವಿಗಳನ್ನು ಬೆಳೆಸಲು ಎಲ್ಲೆಡೆ ಬಳಸುವ ಅಗರ್ ಎಂಬ ಲೋಳೆ ೮೫ ಡಿಗ್ರಿಯ ಹೊತ್ತಿಗೆ ತಾನೇ ಕರಗಿ ನೀರಾಗುತ್ತದೆ; ಆದುದರಿಂದ ಬೇರೆಯೇ ಒಂದು ಗಟ್ಟಿ ಅಂಟನ್ನು ಹುಡುಕಬೇಕಾಯಿತು. ಮಾದರಿಯನ್ನು ತೆಗೆಯುವವನಿಗೆ ಉದ್ದನೆಯ ಕೋಲು ಬೇಕು, ನೆಲದ ಮೇಲೆ ನಂಬಿಕೆ ಕಡಿಮೆಯಿರಬೇಕು. ತೆಳ್ಳಗಿನ ಹೊದರು ಕುಸಿದರೆ ಕೆಳಗೆ ಕುದಿಯುವ ಹೊಂಡ.

ಇಷ್ಟೆಲ್ಲ ಕೇಳಿದ ಮೇಲೆ ಗೊಬ್ಬರ ತೆಗೆಯುವವನಿಗೆ ಅಂಜಿಕೆ ಹುಟ್ಟಬೇಕಾಗಿಲ್ಲ. ಈ ವೈರಸ್ಸುಗಳು ತಮ್ಮ ತಮ್ಮ ಉಷ್ಣಪ್ರಿಯ ಒಡೆಯರನ್ನಲ್ಲದೆ ಬೇರಾರನ್ನೂ ಮುಟ್ಟುವಂಥವಲ್ಲ. ೩೭ ಡಿಗ್ರಿಯ ಮನುಷ್ಯದೇಹ ಅವುಗಳ ಪಾಲಿಗೆ ಹಿಮಾಲಯದ ಚಳಿ. ಉಪಕಾರ ಮಾಡುವಂಥವೂ ಉಂಟು. ಯೆಲ್ಲೊಸ್ಟೋನಿನಲ್ಲಿ ೬೫ ಡಿಗ್ರಿಯವರೆಗೆ ಕಾದ ಮಣ್ಣಿನಲ್ಲಿ ಒಂದು ಜಾತಿಯ ಹುಲ್ಲು ಹಸುರಾಗಿ ನಿಂತಿರುತ್ತದೆ. ಅದರ ಮೈಯೊಳಗೆ ಒಂದು ಬೂಷ್ಟು. ಬೂಷ್ಟಿನೊಳಗೆ ಒಂದು ವೈರಸ್ಸು. ಹುಲ್ಲೊಂದೇ ಆದರೂ ಬೂಷ್ಟೊಂದೇ ಆದರೂ ೩೮ ಡಿಗ್ರಿಗೆ ಮೇಲೆ ಬದುಕಲಾರದು. ಬೂಷ್ಟಿನಿಂದ ವೈರಸ್ಸನ್ನು ಕಳೆದಾಗ ಹುಲ್ಲು ಬಾಡಿತು, ಮರಳಿ ಸೇರಿಸಿದಾಗ ಉಳಿಯಿತು ಎಂದು ೨೦೦೭ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದರು. ವೈರಸ್ಸೆಂದರೆ ಮೃತ್ಯುವೆಂದು ಬಗೆದವರು ಈ ಮೂವರ ಸಂಸಾರವನ್ನು ನೋಡಬೇಕು.

ಮಲೆನಾಡಿನ ವೈರಸ್ಸು

ಆದರೆ ಕೊಪ್ಪ ಶೃಂಗೇರಿಗಳಲ್ಲಿ ವೈರಸ್ ಎಂಬ ಶಬ್ದ ಕಿವಿಗೆ ಬಿದ್ದರೆ ಜನರ ಕಣ್ಣಮುಂದೆ ನಿಲ್ಲುವುದು ಹುಲ್ಲೂ ಅಲ್ಲ, ಪಿರಮಿಡ್ಡೂ ಅಲ್ಲ. ಕಾಡಿನಲ್ಲಿ ಸತ್ತುಬಿದ್ದ ಮಂಗ. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು, ಸುತ್ತಣ ಹಳ್ಳಿಗಳ ಜನರೂ ಜ್ವರದಿಂದ ಹಾಸಿಗೆ ಹಿಡಿದಾಗ ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಧಾವಿಸಿ ಬಂದು ಹೊಸದೊಂದು ವೈರಸ್ಸನ್ನು ಬೇರ್ಪಡಿಸಿದರು. ಉಣುಗುಗಳ ಕಡಿತದಿಂದ ಹರಡುವ ಈ ಕಾಯಿಲೆಗೆ ಕ್ಯಾಸನೂರಿನ ಹೆಸರೇ ನಿಂತಿತು. ಜನರ ಬಾಯಲ್ಲಿ ಮಾತ್ರ ಅದು ಮಂಗನ ಕಾಯಿಲೆ. ಮಂಗನದೇನೂ ತಪ್ಪಿಲ್ಲ, ಅದೂ ನಮ್ಮಂತೆಯೇ ಬಲಿ.

ಕಾಲಕ್ರಮದಲ್ಲಿ ಈ ಜ್ವರ ಸೊರಬದ ಎಲ್ಲೆಯನ್ನು ದಾಟಿ ಚಿಕ್ಕಮಗಳೂರು ಜಿಲ್ಲೆಯ ಈ ಮೂರು ತಾಲ್ಲೂಕುಗಳಿಗೂ ಬಂದಿತು. ೨೦೨೪ರಲ್ಲಿ ಶೃಂಗೇರಿ ತಾಲ್ಲೂಕಿನ ರೋಗಿಯೊಬ್ಬರು ಇದರಿಂದ ತೀರಿಕೊಂಡರು. ದಶಕಗಳಿಂದ ಕೊಡುತ್ತಿದ್ದ ಹಳೆಯ ಲಸಿಕೆ ಸಾಕಷ್ಟು ರಕ್ಷಣೆ ನೀಡದೆಂದು ೨೦೨೨ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೀಗಿರುವಾಗ ಜ್ವರ ಬಂದವನಿಗೆ ಬಂದದ್ದು ಇದೇ ಹೌದೋ ಅಲ್ಲವೋ ಎಂಬುದನ್ನು ಬೇಗ ತಿಳಿಯುವುದರಲ್ಲಿಯೇ ಪ್ರಾಣದ ಪ್ರಶ್ನೆ ಅಡಗಿದೆ. ತಲೆನೋವು, ಮೈಕೈನೋವು, ಸುಡುವ ಜ್ವರ: ಯಾವ ಜ್ವರದಲ್ಲಿಲ್ಲ ಇವು? ಒಸಡಿನಿಂದ ರಕ್ತ ಜಿನುಗುವವರೆಗೆ ಕಾದು ಕುಳಿತರೆ ಹೊತ್ತು ಮೀರಿಬಿಟ್ಟಿರಬಹುದು.

ಇಲ್ಲಿ ಕುದಿನೀರಿನ ಬುಗ್ಗೆ ಮಲೆನಾಡಿನ ನೆರವಿಗೆ ಬರುತ್ತದೆ. ರೋಗಿಯ ತೋಳಿನಿಂದ ತೆಗೆದ ರಕ್ತ ಶಿವಮೊಗ್ಗದ ಪ್ರಯೋಗಾಲಯವನ್ನು ಮುಟ್ಟಿದಾಗ ಅದರಲ್ಲಿರುವ ವೈರಸ್ಸಿನ ವಂಶಸೂತ್ರ ಹುಡುಕಿ ಹಿಡಿಯಲಾರದಷ್ಟು ಅತ್ಯಲ್ಪ. ಅದನ್ನು ಒಂದರಿಂದ ಎರಡು, ಎರಡರಿಂದ ನಾಲ್ಕು, ನಾಲ್ಕರಿಂದ ಎಂಟು ಎಂದು ಕೋಟಿಗಟ್ಟಲೆ ಪ್ರತಿಮಾಡುವ ಪಿ. ಸಿ. ಆರ್. ಎಂಬ ತಂತ್ರವನ್ನು ೧೯೮೩ರಲ್ಲಿ ಕ್ಯಾರಿ ಮುಲ್ಲಿಸ್ ಕಲ್ಪಿಸಿದನು. ಪ್ರತಿಯೊಂದು ಸುತ್ತಿನಲ್ಲಿಯೂ ದ್ರಾವಣವನ್ನು ೯೫ ಡಿಗ್ರಿಯವರೆಗೆ ಕಾಯಿಸಿ ಸೂತ್ರದ ಎರಡು ಎಳೆಗಳನ್ನು ಬಿಡಿಸಬೇಕು. ಎಳೆಗಳನ್ನು ನೇಯುವ ಸಾಧಾರಣ ಕಿಣ್ವ ಆ ಬಿಸಿಗೆ ಸುತ್ತು ಸುತ್ತಿಗೂ ಸಾಯುತ್ತಿತ್ತು. ಸುತ್ತು ಸುತ್ತಿಗೂ ಹೊಸದನ್ನು ಹಾಕಬೇಕಾಗುತ್ತಿತ್ತು. ಆಗ ನೆನಪಾದದ್ದೇ ಬ್ರಾಕ್ ಮೇಷ್ಟ್ರ ಥರ್ಮಸ್ ಅಕ್ವಾಟಿಕಸ್. ಅದರ ಕಿಣ್ವವನ್ನು ೧೯೭೬ರಲ್ಲಿಯೇ ಬೇರ್ಪಡಿಸಿದ್ದರು. ೭೦ ಡಿಗ್ರಿಯಲ್ಲಿ ಬಾಳುವ ಜೀವಿಯ ಕಿಣ್ವ ೯೫ ಡಿಗ್ರಿಗೆ ಜಗ್ಗಲಿಲ್ಲ. ಒಮ್ಮೆ ಹಾಕಿದರೆ ಮೂವತ್ತು ಸುತ್ತಿನ ಕೆಲಸವನ್ನೂ ಅದು ಮುಗಿಸಿತು. ಮುಲ್ಲಿಸ್‌ನಿಗೆ ೧೯೯೩ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಬಣ್ಣದ ಲೋಳೆಯ ಬಗೆಗಿನ ಬರಿಯ ಕುತೂಹಲ ಎಲ್ಲಿಗೆ ಬಂದು ಮುಟ್ಟಿತು ನೋಡಿ!

ಒಂದು ತೊಡಕು ಉಳಿದಿತ್ತು. ಮಂಗನ ಕಾಯಿಲೆಯ ವೈರಸ್ಸಿನ ವಂಶಸೂತ್ರ ಡಿ. ಎನ್. ಎ. ಅಲ್ಲ, ಆರ್. ಎನ್. ಎ. ಥರ್ಮಸ್ಸಿನ ಕಿಣ್ವಕ್ಕೆ ಆ ಲಿಪಿಯನ್ನು ಓದುವ ಕಸುಬು ಚೆನ್ನಾಗಿ ಬಾರದು. ಮೊದಲು ಇನ್ನೊಂದು ಕಿಣ್ವ ಅದನ್ನು ಡಿ. ಎನ್. ಎ. ಲಿಪಿಗೆ ತಿರುಗಿಸಿ ಕೊಡಬೇಕು. ಈ ಎರಡು ಹಂತಗಳ ಪರೀಕ್ಷೆಯನ್ನು ಮಂಗನ ಕಾಯಿಲೆಗೆ ಅಳವಡಿಸಿದ ವಿವರವನ್ನು ಪುಣೆಯ ರಾಷ್ಟ್ರೀಯ ವೈರಸ್ ವಿಜ್ಞಾನ ಸಂಸ್ಥೆಯವರು ೨೦೧೨ರಲ್ಲಿ ಪ್ರಕಟಿಸಿದರು. ಅದೇ ವರ್ಷ ಅಮೆರಿಕದಿಂದ ಮತ್ತೊಂದು ವಾರ್ತೆ ಬಂದಿತು. ಯೆಲ್ಲೊಸ್ಟೋನಿನ ಬುಗ್ಗೆಯ ನೀರನ್ನು ಸೋಸಿ, ಯಾವ ಒಡೆಯನ ಮೈಯಲ್ಲಿಯೂ ಬೆಳೆಸದೆ, ವೈರಸ್ಸುಗಳ ವಂಶಸೂತ್ರಗಳನ್ನು ಒಟ್ಟಾಗಿ ಓದಿದವರಿಗೆ ಅವುಗಳ ನಡುವೆ ಒಂದು ಹೊಸ ಕಿಣ್ವ ಸಿಕ್ಕಿತು. ಅದು ಎರಡು ಲಿಪಿಗಳನ್ನೂ ಬಲ್ಲದು. ಆರ್. ಎನ್. ಎ.ಯನ್ನು ತಿರುಗಿಸುವ ಕೆಲಸವನ್ನೂ ಪ್ರತಿಮಾಡುವ ಕೆಲಸವನ್ನೂ ಒಂದೇ ಬಿಸಿ ದ್ರಾವಣದಲ್ಲಿ ಒಬ್ಬನೇ ಮಾಡಬಲ್ಲ ಚತುರ. ಬೇಗೆಯ ವೈರಸ್ಸು ಜ್ವರದ ವೈರಸ್ಸನ್ನು ಹಿಡಿದುಕೊಡಬಲ್ಲ ಸ್ಥಿತಿ ಹೀಗೆ ಒದಗಿತು.

ದರಗಿನ ಹೆಡಿಗೆ

ಇನ್ನು ಗುಂಡಿಯ ಬಳಿಗೆ ಹಿಂದಿರುಗೋಣ. ಅದರಲ್ಲಿ ಬೇಯುತ್ತಿರುವುದು ಸಗಣಿಯೊಂದೇ ಅಲ್ಲ. ಮಳೆಗಾಲದಲ್ಲಿ ಹಸಿಸೊಪ್ಪು, ಬೇಸಿಗೆಯಲ್ಲಿ ದರಗು ಸೊಪ್ಪಿನಬೆಟ್ಟದಿಂದ ಇಳಿದು, ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹಾಸಾಗಿ, ಆಮೇಲೆ ಗುಂಡಿಯನ್ನು ಸೇರುತ್ತವೆ. ಅಡಕೆಯ ತೋಟ ಬದುಕಿರುವುದು ಈ ಸೊಪ್ಪಿನಬೆಟ್ಟದ ಋಣದಲ್ಲಿ. ಆದರೆ ದರಗು ಉದುರುವ ತಿಂಗಳುಗಳೂ ಉಣುಗಿನ ಮರಿಗಳು ಆ ದರಗಿನ ಮೇಲೆಯೇ ಹರಿದಾಡುವ ತಿಂಗಳುಗಳೂ ಒಂದೇ. ಎಳ್ಳಿನ ಕಾಳಿಗಿಂತ ಕಿರಿದಾದ ಆ ಮರಿ ಮಂಗ ಸತ್ತ ಜಾಗದಿಂದ ದರಗಿನೊಡನೆ ಹೆಡಿಗೆಯನ್ನು ಹತ್ತಿದರೆ ಮನೆಯವರೆಗೂ ಬರುತ್ತದೆ. ತೋಟಕ್ಕೆ ಅನ್ನವಾಗುವ ಹೊರೆಯೇ ಮನೆಗೆ ಜ್ವರವನ್ನು ಹೊತ್ತು ತರಬಹುದು.

ಗುಂಡಿಯ ಒಡಲಿನ ೬೦ ಡಿಗ್ರಿಯನ್ನು ಉಣುಗಾಗಲಿ ಜ್ವರದ ವೈರಸ್ಸಾಗಲಿ ತಾಳಲಾರವು. ಉಷ್ಣಪ್ರಿಯರ ರಾಜ್ಯದಲ್ಲಿ ಅವಕ್ಕೆ ತಾವಿಲ್ಲ. ಆದರೆ ಆ ಬಿಸಿ ರಾಶಿಯ ಅಂಚಿಗೆ ಮುಟ್ಟುವುದಿಲ್ಲ. ಬೆಟ್ಟದಿಂದ ಕೊಟ್ಟಿಗೆಯವರೆಗಿನ ದಾರಿಗಂತೂ ಇಲ್ಲವೇ ಇಲ್ಲ. ದರಗನ್ನು ಗುಡಿಸುವ ಕೈ, ಹೊರೆಯನ್ನು ಹೊರುವ ತಲೆ, ಹಾಸನ್ನು ಹರಡುವ ಕಾಲು ಇವೆಲ್ಲ ಬೇಗೆಯ ರಕ್ಷಣೆಗೆ ಹೊರಗು. ಆದುದರಿಂದಲೇ ಮಂಗ ಸತ್ತ ಕಡೆಯ ದರಗನ್ನು ತರಬೇಡಿರಿ, ಕಾಡಿಗೆ ಹೋಗುವ ಮುನ್ನ ಕೈಕಾಲುಗಳಿಗೆ ಡೇಪಾ ಎಣ್ಣೆಯನ್ನು ಹಚ್ಚಿರಿ, ಮೈಮುಚ್ಚುವ ಬಟ್ಟೆ ತೊಡಿರಿ, ಬಂದೊಡನೆ ಬಿಸಿನೀರಿನಲ್ಲಿ ಮೀಯಿರಿ ಎಂದು ಆರೋಗ್ಯ ಇಲಾಖೆಯವರು ಹೇಳುವುದು. ಈ ಮಾತನ್ನು ಕೇಳುವವರೂ ಉಂಟು, ಎಣ್ಣೆಯ ವಾಸನೆಗೆ ಮೂಗು ಮುರಿಯುವವರೂ ಉಂಟು. ದರಗಿಲ್ಲದೆ ಗೊಬ್ಬರವಿಲ್ಲ, ಗೊಬ್ಬರವಿಲ್ಲದೆ ತೋಟವಿಲ್ಲ ಎನ್ನುವವರ ಸಂಕಟವನ್ನು ಪಟ್ಟಣದಲ್ಲಿ ಕುಳಿತು ಅಲ್ಲಗಳೆಯುವುದು ಸುಲಭ.

ನಾಲ್ಕು ದಿವಸ ಕಳೆದು ಐದನೆಯ ಬೆಳಗ್ಗೆ ಆಳು ಮತ್ತೆ ಬರುತ್ತಾನೆ. ಹಬೆ ಇಳಿದಿದೆ. ಕಪ್ಪಗೆ, ಪುಡಿಪುಡಿಯಾಗಿ, ಮಳೆಬಿದ್ದ ಮಣ್ಣಿನ ವಾಸನೆಯ ಗೊಬ್ಬರ ಹೆಡಿಗೆ ಹೆಡಿಗೆಯಾಗಿ ತೋಟಕ್ಕೆ ಇಳಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಗುಂಡಿ ಬರಿದಾಗುತ್ತದೆ. ಮನೆಯಾಕೆ ಜಗಲಿಯ ಗೂಡಿನಲ್ಲಿದ್ದ ಎಣ್ಣೆಯ ಸೀಸೆಯನ್ನು ತೆಗೆದು ಅವನ ಮುಂದೆ ಇಡುತ್ತಾರೆ.

"ನಾಳೆ ದರಗಿಗೆ ಹೋಗುವಾಗ ಇದನ್ನು ಹಚ್ಚಿಕೊಂಡೇ ಹೋಗು. ಮೇಲಿನ ಬೆಟ್ಟಕ್ಕೆ ಬೇಡ. ಅಲ್ಲಿ ಮೊನ್ನೆ ಒಂದು ಮುಸುವ ಸತ್ತುಬಿದ್ದಿತ್ತಂತೆ."